ಅಜ್ಜಿಯ ಜೋಡಿ ಫೋಟೋ ಕಾರ್ಡುಗಳು: ಆ್ಯಪ್, ಗಿಂಪ್, ಸ್ಟೀರಿಯೋಫೋಟೋ ಮೇಕರ್

ಅಜ್ಜಿಯ ಹಳೇ ಜೋಡಿ ಫೋಟೋ ಕಾರ್ಡುಗಳನ್ನು ಆಳ ಕಾಣುವ ಹಾಗೆ ಅಲ್ಲಾಡುವ ಚಿತ್ರ (ಜಿಫ್) ಮಾಡಲು ಮೂರು ಸಾಧನ ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಕೆಲಸಕ್ಕೆ ಬಂದದ್ದು ಸ್ಟೀರಿಯೋಫೋಟೋ ಮೇಕರ್. ಜಪಾನಿನ ಮಸುಜಿ ಸುಟೊ ಮಾಡಿದ ವಿಂಡೋಸ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಾಗಿಲ್ಲ. ಅದು ಗೊತ್ತಾಗುವ ಮುಂಚೆ ಫೋನಿನ ಒಂದು ಆ್ಯಪ್‌ಗೆ ವರ್ಷದ ಚಂದಾ 1,499 ರೂಪಾಯಿ ಕಟ್ಟಿದ್ದೆ. ಆ ದುಡ್ಡು ಹೋಯಿತು. ನಿಮ್ಮದು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮಜ್ಜ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ತೋಟದ ದೊರೆ ತಮ್ಮ ದೇಶಕ್ಕೆ ಹೊರಟಾಗ ಒಂದು ಮರದ ಪೆಟ್ಟಿಗೆ ಕೊಟ್ಟು ಹೋದರಂತೆ. ಒಳಗೆ 46 ಕಾರ್ಡು, ಜೊತೆಗೆ ಕಣ್ಣಿಗೆ ಹಿಡಿದು ನೋಡುವ ಸ್ಟೀರಿಯೋಸ್ಕೋಪ್. ಕಾರ್ಡು 7 ಇಂಚು ಅಗಲ, ಮೂರೂವರೆ ಇಂಚು ಎತ್ತರ. ಒಂದೇ ನೋಟದ ಎರಡು ಫೋಟೋ ಪಕ್ಕಪಕ್ಕ ಅಂಟಿಸಿರುತ್ತಾರೆ, ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಎರಡಕ್ಕೂ ಇರುವ ಸಣ್ಣ ವ್ಯತ್ಯಾಸದಿಂದಲೇ ನಮಗೆ ಆಳ ಗೊತ್ತಾಗುವುದು ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದರು.

ಅಜ್ಜಿಗೆ ಈಗ ಗ್ಲಾಕೋಮಾದಿಂದ ಒಂದು ಕಣ್ಣು ಹೋಗಿದೆ. ಸ್ಟೀರಿಯೋಸ್ಕೋಪ್ ಹಿಡಿದರೆ ಅವರಿಗೆ ಕಾಣುವುದು ಚಪ್ಪಟೆ ಫೋಟೋ ಮಾತ್ರ. ಆದರೆ ಆ ಎರಡು ಚಿತ್ರಗಳನ್ನು ಒಂದೇ ಜಾಗದಲ್ಲಿಟ್ಟು ಬೇಗ ಬೇಗ ಅದಲು ಬದಲು ಮಾಡಿದರೆ, ಆಳ ಒಂಟಿ ಕಣ್ಣಿಗೂ ತಿಳಿಯುತ್ತದೆ. ಬಸ್ಸಿನಲ್ಲಿ ಕೂತಾಗ ಪಕ್ಕದ ಸಿಲ್ವರ್ ಮರ ಓಡುತ್ತದೆ, ದೂರದ ಗುಡ್ಡ ನಿಂತೇ ಇರುತ್ತದೆ, ಅಲ್ವಾ? ಅದೇ ಲೆಕ್ಕ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯವರು 2012ರಲ್ಲಿ ತಮ್ಮ ಸಂಗ್ರಹದ ಕಾರ್ಡುಗಳಿಗೆ ಸ್ಟೀರಿಯೋಗ್ರಾನಿಮೇಟರ್ ಅಂತ ಒಂದು ವೆಬ್ ಸಾಧನ ತಂದಿದ್ದೂ ಇದಕ್ಕೇ. ಅಂಥ ಜಿಫ್‌ಗಳನ್ನು ನೋಡಿದ ಮೇಲೆ ನಮ್ಮ ಪೆಟ್ಟಿಗೆ ನೆನಪಾಯಿತು.

ಆ್ಯಪ್ ಮಾಡಿದ್ದೇನು ಗೊತ್ತಾ? ಕಾಶಿ ಘಾಟಿನ ಕಾರ್ಡು ಹಾಕಿದೆ. ಅದು ಎಡಗಡೆ ಫೋಟೋ ಒಂದನ್ನೇ ಇಟ್ಟುಕೊಂಡು, ಯಾವುದು ಹತ್ತಿರ ಯಾವುದು ದೂರ ಅಂತ ತಾನೇ ಊಹೆ ಮಾಡಿ ಅಲ್ಲಾಡಿಸಿತು. ಕೊಡೆಯ ಕೋಲು ಹಿಂದಿನ ನೀರಿನ ಜೊತೆ ಸೇರಿಕೊಂಡು ಬಾಗಿತು. ಮೆಟ್ಟಿಲ ಮೇಲೆ ಕೂತವರ ಭುಜ ರಬ್ಬರಿನ ಹಾಗೆ ಎಳೆದಾಡಿತು. ನೂರು ವರ್ಷಕ್ಕೂ ಹಿಂದೆ ಒಬ್ಬರು ಎರಡು ಲೆನ್ಸಿನ ಕ್ಯಾಮೆರಾ ಹೊತ್ತು, ಆ ಘಾಟಿನಲ್ಲಿ ನಿಂತು ಹಿಡಿದ ಆಳ ಬಲಗಡೆ ಫೋಟೋದಲ್ಲಿ ಹಾಗೇ ಇದೆ. ಅದನ್ನು ಬಿಸಾಕಿ ಊಹೆ ಮಾಡುವುದು ನನಗೆ ಸರಿ ಕಾಣಲಿಲ್ಲ. ದುಡ್ಡು ವಾಪಸ್ ಕೇಳಿದೆ, ಉತ್ತರ ಬರಲಿಲ್ಲ.

ಆಮೇಲೆ ಗಿಂಪ್, ಫೋಟೋ ತಿದ್ದುವ ಸಾಫ್ಟ್‌ವೇರ್. ಇದೂ ಉಚಿತ, ಲಿನಕ್ಸಿನಲ್ಲೂ ನಡೆಯುತ್ತದೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಪದರವಾಗಿ (ಲೇಯರ್) ಇಟ್ಟು, ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿ ಕೂರಿಸಿಕೊಳ್ಳಬೇಕು, ಕೊನೆಗೆ ಜಿಫ್ ಆಗಿ ತೆಗೆಯಬೇಕು. ಒಳ್ಳೆಯ ಸಾಧನವೇ. ಆದರೆ ಮೊದಲ ಕಾರ್ಡಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಯಾಕೆ ಅಷ್ಟು ಹೊತ್ತು ಅಂದರೆ, ಈ ಕಾರ್ಡುಗಳ ಫೋಟೋಗಳು ನೆಟ್ಟಗೆ ಕೂತಿರುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಒಂದು ಸರಿಯಿದ್ದರೆ ಇನ್ನೊಂದು ಕೂದಲೆಳೆಯಷ್ಟು ಕೆಳಗೆ, ಇಲ್ಲವೇ ಚೂರು ವಾರೆ. ಸ್ಟೀರಿಯೋಸ್ಕೋಪಿನಲ್ಲಿ ಅಷ್ಟನ್ನು ಕಣ್ಣು ಸರಿಮಾಡಿಕೊಳ್ಳುತ್ತದೆ. ಜಿಫ್ ಮಾಡಿದಾಗ ಮಾತ್ರ ಇಡೀ ಚಿತ್ರ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಆಳ ಹೋಗಿ ತಲೆನೋವು ಉಳಿಯುತ್ತದೆ. ಅಜ್ಜಿ ಮೊದಲ ಜಿಫ್ ನೋಡಿ, "ತಲೆ ಸುತ್ತುತ್ತದೆ, ತೆಗೆಯೇ" ಅಂದರು.

ಗಿಂಪ್‌ನಲ್ಲಿ ಓರೆ ಎಷ್ಟು, ಜಾರಿದ್ದು ಎಷ್ಟು ಎಂದು ಕಣ್ಣಳತೆಯಲ್ಲೇ ತಿರುಗಿಸಿ, ಸರಿಸಿ, ಮತ್ತೆ ತಿರುಗಿಸಿ ನೋಡಬೇಕು. ಸ್ಟೀರಿಯೋಫೋಟೋ ಮೇಕರ್ ಎರಡರಲ್ಲೂ ಇರುವ ಒಂದೇ ಗುರುತುಗಳನ್ನು ತಾನೇ ಹುಡುಕಿ, ಓರೆ ಎತ್ತರ ಎರಡನ್ನೂ ಕೆಲವು ಸೆಕೆಂಡಿನಲ್ಲಿ ಸರಿಮಾಡುತ್ತದೆ. ಬೂಷ್ಟು ಹಿಡಿದ ಎರಡು ಕಾರ್ಡಿನಲ್ಲಿ ಮಾತ್ರ ಕಲೆಗಳನ್ನೇ ಗುರುತು ಅಂದುಕೊಂಡು ತಪ್ಪಿತು. ಅವನ್ನು ಕೈಯಲ್ಲಿ ಕೂರಿಸಿದೆ.

ಇಷ್ಟಾದ ಮೇಲೂ ಒಂದು ತೀರ್ಮಾನ ನಮಗೇ ಬಿಟ್ಟದ್ದು. ಚಿತ್ರದಲ್ಲಿ ಯಾವುದು ಅಲ್ಲಾಡದೆ ನಿಲ್ಲಬೇಕು? ಬಾಗಿಲ ಕೀಲಿನ ಹಾಗೆ ಒಂದು ಜಾಗ ನಿಂತು, ಉಳಿದದ್ದು ಅದರ ಸುತ್ತ ಆಡಬೇಕು. ಸ್ಟೀರಿಯೋಫೋಟೋ ಮೇಕರ್ ತಾನೇ ಜೋಡಿಸಿದಾಗ ಕಾಶಿಯ ಕಾರ್ಡಿನಲ್ಲಿ ಎದುರಿನ ಕಂಬ ನಿಂತು, ಹಿಂದಿನ ಗೋಪುರಗಳೆಲ್ಲ ಜೋರಾಗಿ ಓಲಾಡಿದವು. ಚಿತ್ರವನ್ನು ಅಡ್ಡಕ್ಕೆ ಸರಿಸಿ ನಡುವಿನ ದೋಣಿಯನ್ನು ಕೀಲು ಮಾಡಿದೆ. ಆಗ ಕಂಬ ಒಂದು ಕಡೆ, ಗೋಪುರ ಇನ್ನೊಂದು ಕಡೆ, ಎರಡೂ ಸ್ವಲ್ಪ ಸ್ವಲ್ಪವೇ ಆಡಿದವು. "ದೋಣಿ ಈಚೆ ಬಂತಲ್ಲೇ!" ಅಂದರು ಅಜ್ಜಿ. ಅವತ್ತು ಐದು ಸಲ ನೋಡಿದರು.

ಒಂದೊಂದು ಚಿತ್ರಕ್ಕೆ 0.15 ಸೆಕೆಂಡು ಇಟ್ಟರೆ ನಮ್ಮ ಮನೆಯವರಿಗೆ ಹಿತ. ಜಿಫ್‌ನಲ್ಲಿ 256 ಬಣ್ಣ ಅಷ್ಟೇ, ಕಂದು ಫೋಟೋಗೆ ಅದು ಧಾರಾಳ. ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸಾಕು.

ಮ್ಯಾಕ್ ಅಥವಾ ಲಿನಕ್ಸ್ ಇರುವವರು, ಐದಾರು ಕಾರ್ಡು ಮಾತ್ರ ಇರುವವರು ಗಿಂಪ್‌ನಲ್ಲೇ ಮಾಡಿ, ತಾಳ್ಮೆಯಿದ್ದರೆ ಚೆನ್ನಾಗಿ ಬರುತ್ತದೆ. ನನ್ನದು ಹಳೇ ವಿಂಡೋಸ್ ಲ್ಯಾಪ್‌ಟಾಪ್. ಹಾಸನದಲ್ಲಿ ಕೆಲಸ, ರಾತ್ರಿ ಊಟ ಆದ ಮೇಲೆ ಸಿಗುವುದು ಒಂದು ಗಂಟೆ. ಅಷ್ಟರಲ್ಲಿ ಸ್ಟೀರಿಯೋಫೋಟೋ ಮೇಕರ್‌ನಲ್ಲಿ ಆರು ಕಾರ್ಡು ಮುಗಿಯುತ್ತವೆ. ಅದರ ಮೆನು ತುಂಬಾ ಹಳೇ ಕಾಲದ್ದು, ಎರಡು ದಿನ ತಡಕಾಡಿದೆ, ಆಮೇಲೆ ಕೈ ಕೂತಿತು.

ಹೊಸ ಫೋಟೋಗೂ ಇದು ನಡೆಯುತ್ತದೆ. ಹಳೇಬೀಡಿನ ಹೊರಗೋಡೆಯ ಮುಂದೆ ಎಡಗಾಲ ಮೇಲೆ ಭಾರ ಬಿಟ್ಟು ಮೊಬೈಲಿನಲ್ಲಿ ಒಂದು ತೆಗೆದೆ, ಬಲಗಾಲಿಗೆ ಭಾರ ಬದಲಿಸಿ ಇನ್ನೊಂದು. ಕಣ್ಣುಗಳ ನಡುವಿನ ಆರೂವರೆ ಸೆಂಟಿಮೀಟರಿನಷ್ಟು ಸರಿದರೆ ಸಾಕು. ಕಲ್ಲು ಅಲುಗುವುದಿಲ್ಲವಲ್ಲ, ಒಂದೇ ಕ್ಯಾಮೆರಾ ಸಾಲುತ್ತದೆ.

42 ಕಾರ್ಡು ಆಗಿವೆ. ಉಳಿದ ನಾಲ್ಕು ಬಿಲ್ಲಿನ ಹಾಗೆ ಬಾಗಿವೆ. ಸ್ಕ್ಯಾನರಿನ ಮುಚ್ಚಳ ಒತ್ತಿದರೆ ಬಿರುಕು ಬಿಡುತ್ತವೆ, ಒತ್ತದಿದ್ದರೆ ಅಂಚು ಮಸುಕು. ಮಳೆ ಬಿಟ್ಟ ಮೇಲೆ ಜಗಲಿಯ ಬೆಳಕಿನಲ್ಲಿಟ್ಟು ಕ್ಯಾಮೆರಾದಲ್ಲೇ ತೆಗೆಯಬೇಕು ಅಂತಿದ್ದೇನೆ.