ನಾಲ್ಕು ಮಳೆಗಾಲ ದಾಟಿದ ನಮ್ಮ ಮನೆಯ ಸ್ಪೀಕರ್ ಪೆಟ್ಟಿಗೆಗಳು

ಮರದ ನಾರಿನ ಎಂಡಿಎಫ್ ಹಲಗೆ ಬೇಡ. ಮಲೆನಾಡಿನಲ್ಲಿ ಮನೆ ಇದ್ದು, ಸ್ವಂತ ಕೈಯಿಂದ ಸ್ಪೀಕರ್ ಪೆಟ್ಟಿಗೆ ಮಾಡಬೇಕು ಅಂತ ಆಸೆ ಇರುವವರು ಮೊದಲು ಇಷ್ಟು ಕೇಳಿಸಿಕೊಳ್ಳಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದು ಬಚ್ಚಲೊಲೆ ಮೇಲೆ ಕಟ್ಟಿದ ಹಗ್ಗದಲ್ಲೇ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮಕ್ಕಳ ಪುಸ್ತಕಕ್ಕೂ ಬೂಷ್ಟು. ಸ್ಪೀಕರ್ ಮಾಡುವ ಬಗ್ಗೆ ನಾನು ಓದಿದ್ದು, ನೋಡಿದ್ದು ಎಲ್ಲ ಒಣ ಊರಿನವರ ಮಾತು. ಎಂಡಿಎಫ್ ಸಮತಟ್ಟು, ಗಂಟಿಲ್ಲ, ಕೊಯ್ಯಲು ಸುಲಭ, ಸದ್ದಿಗೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅದೆಲ್ಲ ನಿಜ. ನಮ್ಮ ಗಾಳಿಯ ಲೆಕ್ಕ ಮಾತ್ರ ಅದರಲ್ಲಿ ಇಲ್ಲ.

ಮೊದಲ ಜೋಡಿ ಮಾಡಿದ್ದು 2021ರ ಫೆಬ್ರವರಿಯಲ್ಲಿ. ಕೆಳ ಶ್ರುತಿಯ ಸದ್ದಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಶ್ರುತಿಗೆ ಒಂದು ಇಂಚಿನ ರೇಷ್ಮೆ ಡೋಮ್ ಟ್ವೀಟರ್, 18 ಲೀಟರ್ ಪೆಟ್ಟಿಗೆ, ಹಿಂಬದಿಗೆ ಗಾಳಿ ಆಡುವ ಪೋರ್ಟ್ ಕೊಳವೆ. ವೂಫರ್ ಜೊತೆ ಬರುವ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಅದರ ಗುಣ ಹೇಳುವ ಅಂಕಿಗಳಿರುತ್ತವಲ್ಲ, ಅದನ್ನು ಕಂಪ್ಯೂಟರಿಗೆ ಹಾಕಿದರೆ ಪೆಟ್ಟಿಗೆಯ ಅಳತೆ ಸಿಗುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಮುಂದುವರಿಸಿದ ಲೆಕ್ಕ ಅದು. ಅಡಿಕೆ ತೋಟದ ನಡುವೆ ಕೂತ ನನ್ನಂಥವನಿಗೂ ಮೊದಲ ಸಲಕ್ಕೇ ಅಳತೆ ಸರಿಯಾಗಿ ಬಂತು ಅಂದರೆ ಅದು ಅವರಿಬ್ಬರ ಪುಣ್ಯ.

ಹಲಗೆ ತಂದಿದ್ದು ಶಿವಮೊಗ್ಗದ ಒಂದು ಅಂಗಡಿಯಿಂದ. ಮಳೆಗಾಲದಲ್ಲಿ ಏನಾಗುತ್ತದೆ ಅಂತ ಕೇಳಿದೆ. "ಏನೂ ಆಗಲ್ಲ ಸಾರ್, ವಾಟರ್‌ಪ್ರೂಫ್ ಇದು, ಕಿಚನ್‌ಗೆಲ್ಲ ಇದನ್ನೇ ಹಾಕ್ತಾರೆ" ಅಂದರು. ನಂಬಿದೆ. 1,900 ರೂಪಾಯಿ ಕೊಟ್ಟೆ. ಫೆವಿಕಾಲ್ ಹಾಕಿ, ಸ್ಕ್ರೂ ಬಿಗಿದು, ಉಪ್ಪುಕಾಗದದಲ್ಲಿ ಉಜ್ಜಿ, ಎರಡು ಕೋಟು ಬಣ್ಣ ಹೊಡೆದೆ. ಮಾರ್ಚ್, ಏಪ್ರಿಲ್ ತುಂಬ ಚೆನ್ನಾಗಿತ್ತು.

ಮೇ ತಿಂಗಳಲ್ಲಿ ಎಡಗಡೆ ಪೆಟ್ಟಿಗೆಯ ಮದ್ದಲೆ ಸದ್ದು ಇದ್ದಕ್ಕಿದ್ದಂತೆ ಸಪ್ಪಗಾಯಿತು. ತಂತಿ ನೋಡಿದೆ, ಆಂಪ್ಲಿಫೈಯರ್ ಬದಲಿಸಿ ನೋಡಿದೆ. ಕೊನೆಗೆ ಹಿಂದೆ ಟಾರ್ಚ್ ಬಿಟ್ಟರೆ ಪೋರ್ಟ್ ಕೊಳವೆಯ ಬಾಯಿ ಮುಕ್ಕಾಲು ಭಾಗ ಮಣ್ಣು! ಕುಂಬಾರ ಹುಳ ಗೂಡು ಕಟ್ಟಿತ್ತು. ಕಿಟಕಿ ಚೌಕಟ್ಟಿನ ತೂತು, ಬೀಗದ ಕೈ ತೂತು ಯಾವುದನ್ನೂ ಬಿಡದ ಹುಳ, ಇಷ್ಟು ನುಣ್ಣಗಿನ ಕೊಳವೆ ಬಿಡುತ್ತದೆಯೇ? ಕೊಳವೆಯ ಉದ್ದ, ಅಗಲ ನೋಡಿಯೇ ಪೆಟ್ಟಿಗೆಯ ಶ್ರುತಿ ಕೂರಿಸಿರುತ್ತೇವೆ. ಬಾಯಿ ಕಿರಿದಾದರೆ ಶ್ರುತಿ ಕೆಳಗೆ ಇಳಿಯುತ್ತದೆ, ಪೂರ್ತಿ ಮುಚ್ಚಿದರೆ ಕೊಳವೆ ಇದ್ದೂ ಇಲ್ಲದ ಹಾಗೆ. ಮಣ್ಣು ಕೆರೆದು ತೆಗೆದು ಸೊಳ್ಳೆ ಪರದೆಯ ತುಂಡು ಕಟ್ಟಿದೆ. ಅದಕ್ಕೆ ಪರಿಹಾರ ಇತ್ತು.

ಜುಲೈಯಲ್ಲಿ ಆದದ್ದಕ್ಕೆ ಪರಿಹಾರ ಇರಲಿಲ್ಲ. ಪುನರ್ವಸು ಮಳೆ ಹಿಡಿದು ಹತ್ತು ದಿನ ಬಿಟ್ಟಿರಲಿಲ್ಲ. ಪೆಟ್ಟಿಗೆಯ ಕೆಳ ಅಂಚು ಊದಿಕೊಂಡು ಬಣ್ಣ ಬಿರಿದಿತ್ತು. ಸ್ಕೇಲ್ ಇಟ್ಟು ನೋಡಿದೆ. 18 ಮಿಲಿಮೀಟರ್ ಹಲಗೆ ಅಲ್ಲಲ್ಲಿ 23 ಆಗಿದೆ. ಬೆರಳಲ್ಲಿ ಒತ್ತಿದರೆ ನೆನೆದ ರಸ್ಕ್ ಥರ ಪದರ ಪದರ ಬಿಟ್ಟುಕೊಳ್ಳುತ್ತಿತ್ತು. ವೂಫರ್ ಹಿಡಿದ ಸ್ಕ್ರೂಗಳು ಹಿಡಿತ ಕಳೆದುಕೊಂಡು ಸುಮ್ನೆ ತಿರುಗುತ್ತಿದ್ದವು. ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ್ದು. ಕೊಯ್ದ ಅಂಚಿನಲ್ಲಿ ನಾರು ಬಾಯಿ ತೆರೆದೇ ಇರುತ್ತದೆ, ತೇವ ಕುಡಿಯುತ್ತದೆ. ಒಮ್ಮೆ ಊದಿದ ಮೇಲೆ ಬಿಸಿಲಿಗಿಟ್ಟರೂ ಮೊದಲಿನ ಅಳತೆಗೆ ಬರುವುದಿಲ್ಲ. ಆರು ವಾರ ಸಂಜೆ ಹೊತ್ತು ಕೂತು ಮಾಡಿದ ಕೆಲಸ. ಅಂಗಡಿಯವರಿಗೆ ಫೋನ್ ಮಾಡಿದರೆ "ನೀವು ಸರಿಯಾಗಿ ಸೀಲ್ ಮಾಡಿಲ್ಲ" ಅಂದರು. ಅದೊಂದು ಮಾತು ಹಲಗೆ ಕೊಡುವ ದಿನವೇ ಹೇಳಬಹುದಿತ್ತಲ್ವಾ? ಅಂಚಿಗೆ ಎಪಾಕ್ಸಿ ಕುಡಿಸಬೇಕು ಅಂತ ಹೇಳಿದ್ದರೆ ಕುಡಿಸುತ್ತಿದ್ದೆ. ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಎರಡನೇ ಜೋಡಿಗೆ ನೀರು ತಾಳುವ ಮರೈನ್ ಪ್ಲೈವುಡ್. ಈ ಸಲ ಯಾರ ಮಾತನ್ನೂ ನಂಬುವ ಮನಸ್ಸಿರಲಿಲ್ಲ. ಹಾಳೆಯ ಮೇಲೆ ಐಎಸ್ 710 ಅಂತ ಭಾರತೀಯ ಮಾನಕದ ಮುದ್ರೆ ಇರಬೇಕು. ಬರೀ 303 ಇದ್ದರೆ ಅದು ಬೇರೆ ದರ್ಜೆ. 710ರ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವುದು ನಿಯಮ. ಪರೀಕ್ಷೆ ಮಾಡಲು ನಮಗೇನು ಕಷ್ಟ, ಬಚ್ಚಲೊಲೆ ಹೇಗೂ ಉರಿಯುತ್ತಿರುತ್ತದೆ. ಅಂಗಡಿಯಿಂದ ಅಂಗೈಯಗಲದ ಚೂರು ಕೇಳಿ ತಂದು, ಹಳೇ ಅಲ್ಯೂಮಿನಿಯಂ ಪಾತ್ರೆಗೆ ಹಾಕಿ, ಜೊತೆಗೆ ಹಳೇ ಪೆಟ್ಟಿಗೆಯ ಒಂದು ಚೂರನ್ನೂ ಹಾಕಿ ಒಲೆ ಮೇಲಿಟ್ಟೆ. ಎಂಡಿಎಫ್ ಮೊದಲ ದಿನ ಸಂಜೆಗೇ ಗಂಜಿಯಾಯಿತು. ಪ್ಲೈ ಮೂರು ದಿನ ಬಿಟ್ಟು ತೆಗೆದರೆ ಬಣ್ಣ ಕಪ್ಪಗಾಗಿತ್ತು ಅಷ್ಟೇ, ಉಳಿಯ ತುದಿ ಹಾಕಿ ಮೀಟಿದರೂ ಪದರ ಏಳಲಿಲ್ಲ. ರಾತ್ರಿ ಹೊತ್ತು ಒಲೆ ಆರಿರುತ್ತದೆ, ಹಾಗಾಗಿ ಪೂರ್ತಿ 72 ಗಂಟೆ ಅಂತ ಹೇಳಲಾರೆ. ನನಗೆ ಅಷ್ಟು ಸಾಕಾಯಿತು. ಪೂರ್ತಿ ಹಾಳೆಗೆ ಆಗ 3,900 ರೂಪಾಯಿ. ಅರ್ಧ ಹಾಳೆ ಯಾರೂ ಕೊಡುವುದಿಲ್ಲ. ನನಗೆ ಮೂರನೇ ಒಂದು ಭಾಗವೂ ಬೇಕಾಗಲಿಲ್ಲ, ಉಳಿದದ್ದರಲ್ಲಿ ಅಡುಗೆಮನೆಗೆ ಎರಡು ಶೆಲ್ಫ್ ಆಯಿತು.

ಈ ಸಲ ಕೊಳವೆಯನ್ನೂ ಬಿಟ್ಟೆ. ಪೂರ್ತಿ ಮುಚ್ಚಿದ ಪೆಟ್ಟಿಗೆ. ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಥರ ವೂಫರಿನ ಕೋನ್ (ಸದ್ದು ಹೊರಡಿಸುವ, ಅಲುಗುವ ಬಟ್ಟಲು) ಹಿಡಿದುಕೊಳ್ಳುವ ಈ ಉಪಾಯವನ್ನು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲೇ ಮಾರುಕಟ್ಟೆಗೆ ತಂದಿದ್ದರು. ನನ್ನ ವೂಫರ್‌ನ ಅಂಕಿಗಳು ಕೊಳವೆ ಪೆಟ್ಟಿಗೆ, ಮುಚ್ಚಿದ ಪೆಟ್ಟಿಗೆ ಎರಡಕ್ಕೂ ಒಗ್ಗುತ್ತಿದ್ದವು. ಒಳ ಅಳತೆ 18, 22, 30 ಸೆಂಟಿಮೀಟರ್, ಹತ್ತಿರ ಹತ್ತಿರ 12 ಲೀಟರ್. ಊರಿನ ಆಚಾರ್ರು ಎರಡು ದಿನ ಬಂದು ಹಲಗೆ ಕೊಯ್ದು ಕೊಟ್ಟರು. ಅಂಚಿಗೆ ಹಲಸಿನ ಪಟ್ಟಿ ಹೊಡೆಯುವ ಐಡಿಯಾ ಅವರದೇ. "ಮೃದಂಗಕ್ಕೂ ಹಲಸೇ, ವೀಣೆಗೂ ಹಲಸೇ, ನಿಮ್ಮ ಪೆಟ್ಟಿಗೆಗೂ ಇರಲಿ ಭಟ್ರೇ" ಅಂದರು. ಪಟ್ಟಿ ಕಿರಿದಾಗಿರುವುದರಿಂದ ಹಿಗ್ಗಿ ಕುಗ್ಗಿದರೂ ಬಿರುಕು ಬಿಟ್ಟಿಲ್ಲ. ಎಣ್ಣೆ ಹಚ್ಚಿದ ಮೇಲೆ ಆ ಹಳದಿ ಬಣ್ಣ ವರ್ಷದಿಂದ ವರ್ಷಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತಿದೆ.

ಪಕ್ಕದ ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಕೊಡಲೇಬೇಕು, ಮರೆಯಬೇಡಿ. ಹಲಸಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಪೆಟ್ಟಿಗೆಯನ್ನೂ ಹಾಗೇ ಬೆರಳ ಗೆಣ್ಣಿನಲ್ಲಿ ತಟ್ಟಿ. ಅಡ್ಡಪಟ್ಟಿ ಇಲ್ಲದಾಗ ಬೊಂಬ್ ಅಂತ ಎಳೆದು ಸದ್ದು ಬರುತ್ತದೆ. ಕೊಟ್ಟ ಮೇಲೆ ಟಕ್ ಅಂತ ಚಿಕ್ಕದಾಗಿ ನಿಲ್ಲುತ್ತದೆ. ಆ ಬೊಂಬ್ ಅನ್ನುವುದೇ ಗಂಡಸರ ಮಾತಿನ ಮೇಲೆ ಕೂತು ಅಕ್ಷರ ಕಲಸುವುದು.

ಒಳಗೆ ತುಂಬಲು ಮೊದಲು ಹಳೇ ದಿಂಬಿನ ಬೂರುಗದ ಹತ್ತಿ ಹಾಕಿದ್ದೆ. ಒಂದೇ ಮಳೆಗಾಲಕ್ಕೆ ಮುಗ್ಗಲು ವಾಸನೆ. ತೆಗೆದು ಪಾಲಿಯೆಸ್ಟರ್ ದಿಂಬಿನ ಹತ್ತಿ ತುಂಬಿದೆ, ಇವತ್ತಿನ ತನಕ ತೊಂದರೆ ಇಲ್ಲ. ಸ್ಕ್ರೂ ಎಲ್ಲ ಹಿತ್ತಾಳೆಯವು. ಕೋನ್ ಸುತ್ತಲಿನ ಅಂಚು ರಬ್ಬರಿನದೇ ಇರಲಿ, ಫೋಮ್ ಆದರೆ ವರ್ಷ ಕಳೆದಂತೆ ಪುಡಿಯಾಗುತ್ತದೆ, ತೇವ ಇದ್ದಲ್ಲಿ ಇನ್ನೂ ಬೇಗ.

2022ರ ಜನವರಿಯಿಂದ ಇವು ನಮ್ಮ ಜಗುಲಿಯಲ್ಲಿವೆ. ಮಳೆಗಾಲದಲ್ಲಿ ದಿನಾ ಸಂಜೆ ಒಂದು ಕೆಲಸ ಇರುತ್ತದೆ. ದೀಪ ಹಚ್ಚಿ ಆದ ಮೇಲೆ ಒಣ ಪಂಚೆಯ ತುಂಡಿನಲ್ಲಿ ಎರಡೂ ಪೆಟ್ಟಿಗೆ ಒರೆಸುತ್ತೇನೆ. ಹಿಂಭಾಗದ ಜಂಬಿಟ್ಟಿಗೆ ಗೋಡೆ ತಣ್ಣಗೆ ಬೆವರಿರುತ್ತದೆ, ಅದಕ್ಕೇ ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದೇನೆ. ಆಮೇಲೆ ವೂಫರ್ ಕೋನ್ ಮೇಲೆ ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ, ಸಮನಾಗಿ ಒಳಗೆ ಒತ್ತಿ ಬಿಡುತ್ತೇನೆ. ಪೆಟ್ಟಿಗೆ ಗಾಳಿ ಹಿಡಿದಿದ್ದರೆ ಕೋನ್ ಒಲ್ಲದ ಮನಸ್ಸಿನಿಂದ ಎದ್ದ ಹಾಗೆ ನಿಧಾನಕ್ಕೆ ಹೊರಗೆ ಬರುತ್ತದೆ. ಎಲ್ಲೋ ಸೋರುತ್ತಿದ್ದರೆ ಟಪ್ಪನೆ ವಾಪಸ್ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಒಂದು ಸಂಜೆ ಬಲಗಡೆಯದು ಹಾಗೆ ಬಂತು. ಮದ್ದಲೆ ಪೆಟ್ಟು ಬಿದ್ದಾಗೆಲ್ಲ ಹಿಂದೆ ಎಲ್ಲೋ ಸುಂಯ್ ಅನ್ನುವ ಸಣ್ಣ ಸದ್ದು. ಕಣ್ಣಿಗೆ ಏನೂ ಕಾಣಲಿಲ್ಲ. ಕೊನೆಗೆ ಊದುಬತ್ತಿ ಹಚ್ಚಿಕೊಂಡು ಹಲಗೆ ಸೇರುವ ಒಂದೊಂದೇ ಸಂದಿಯ ಪಕ್ಕ ಹಿಡಿಯುತ್ತ ಹೋದೆ. ಹಿಂದೆ ವಯರು ಸಿಕ್ಕಿಸುವ ತಟ್ಟೆಯ ಮೂಲೆಗೆ ಬಂದಾಗ, ನೆಟ್ಟಗೆ ಏಳುತ್ತಿದ್ದ ಹೊಗೆ ಪೆಟ್ಟಿಗೊಮ್ಮೆ ಪಕ್ಕಕ್ಕೆ ಹಾರಿತು. ಅಲ್ಲಿ ರಬ್ಬರ್ ಪಟ್ಟಿ ಸರಿದಿತ್ತು. ಬಿಚ್ಚಿ ಸರಿಮಾಡಿ ಬಿಗಿದೆ.

ವಯರಿನ ತುದಿಗೆ ಕಿಲುಬು ಹಿಡಿಯುವುದಂತೂ ತಪ್ಪಿಲ್ಲ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಗುಡಿಸುವಾಗ ಒಂದಿಂಚು ಕತ್ತರಿಸಿ ಹೊಸ ತಾಮ್ರ ಬಿಡಿಸಿ ಸಿಕ್ಕಿಸುತ್ತೇನೆ.

ನಷ್ಟವೂ ಇದೆ. ಕೊಳವೆ ಇದ್ದಾಗ ಬರುತ್ತಿದ್ದ ಆಳದ ಸದ್ದು ಈಗ ಅಷ್ಟಿಲ್ಲ. ಸಿನಿಮಾ ಹಾಡು ಜೋರಾಗಿ ಹಾಕಿ ಎದೆ ನಡುಗಬೇಕು ಅನ್ನುವವರಿಗೆ ಇದು ಸಾಲದು, ನಮ್ಮ ತಮ್ಮನಿಗೂ ಸಾಲಲಿಲ್ಲ. ಹಂಚಿನ ಮೇಲೆ ಜಡಿಮಳೆ ಹೊಡೆಯುವಾಗ ಯಾವ ಸ್ಪೀಕರೂ ಕೇಳುವುದಿಲ್ಲ, ಆಗ ಆಫ್ ಮಾಡಿಡುವುದೇ ಒಳ್ಳೆಯದು. ಮೊದಲ ತಿಂಗಳು ಚೆಂಡೆ ಕಿವಿ ಕೊರೆಯುತ್ತಿತ್ತು. ಟ್ವೀಟರಿಗೆ ಒಂದೆರಡು ರೆಸಿಸ್ಟರ್ ಸೇರಿಸಿ ಸುಮಾರು 3 ಡೆಸಿಬಲ್ ಇಳಿಸಿದ ಮೇಲೆ ಸರಿಹೋಯಿತು.

ಆದರೆ ನಾನು ಎಣಿಸದೇ ಸಿಕ್ಕಿದ್ದು ಮಾತು. ಅಪ್ಪಯ್ಯನಿಗೆ ಎಪ್ಪತ್ತೆಂಟು. ಮೊದಲೆಲ್ಲ ಎಷ್ಟು ದೂರ ಆದರೂ ಯಕ್ಷಗಾನದ ಆಟಕ್ಕೆ, ತಾಳಮದ್ದಲೆಗೆ ಹೋಗಿ ಬೆಳಗಿನ ಜಾವ ಬರುತ್ತಿದ್ದವರು. ಈಗ ಮೊಣಕಾಲು ಕೇಳುವುದಿಲ್ಲ. ಹಳೇ ತಾಳಮದ್ದಲೆ ರೆಕಾರ್ಡಿಂಗ್ ಹಾಕಿಕೊಟ್ಟರೆ ಟಿವಿಯ ಸ್ಪೀಕರಿನಲ್ಲಿ ಜೋರು ಮಾಡಿ, ಮಾಡಿ, ಕೊನೆಗೆ ಬೇಸರದಿಂದ ಆಫ್ ಮಾಡುತ್ತಿದ್ದರು. ಸದ್ದು ಬೇಕಾದಷ್ಟಿತ್ತು, ಅಕ್ಷರ ಬಿಡಿಬಿಡಿಯಾಗಿ ಬರುತ್ತಿರಲಿಲ್ಲ. ಹೊಸ ಪೆಟ್ಟಿಗೆ ಇಟ್ಟ ವಾರದಲ್ಲಿ ಒಂದು ರಾತ್ರಿ, ಮಕ್ಕಳು ಮಲಗಿದ್ದರು ಅಂತ ತುಂಬ ಸಣ್ಣಕ್ಕೆ ಒಂದು ಪ್ರಸಂಗ ಹಾಕಿದ್ದೆ. ಕೃಷ್ಣನೂ ಕರ್ಣನೂ ಮಾತಾಡುವ ಭಾಗ. ಅಪ್ಪಯ್ಯ ಜೋರು ಮಾಡು ಅನ್ನಲಿಲ್ಲ. ಕವಳ ಹಾಕುವುದನ್ನೂ ನಿಲ್ಲಿಸಿ, ವೀಳ್ಯದೆಲೆ ಕೈಯಲ್ಲಿ ಹಾಗೇ ಹಿಡಿದುಕೊಂಡು ಕೂತಿದ್ದರು. ಕರ್ಣನ ಮಾತು ಮುಗಿದ ಮೇಲೆ "ಎದುರು ಕೂತು ಅರ್ಥ ಹೇಳಿದ ಹಾಗೆ ಆಯ್ತಲ್ಲ ಮಾರಾಯ" ಅಂದರು. ಈಗ ಬೆಳಿಗ್ಗೆ ಭದ್ರಾವತಿ ಆಕಾಶವಾಣಿ, ರಾತ್ರಿ ಒಂದು ಗಂಟೆ ತಾಳಮದ್ದಲೆ. ವಾಲ್ಯೂಮ್ ಗುಂಡಿ ಒಂಬತ್ತು ಗಂಟೆಯ ಮುಳ್ಳಿನ ಜಾಗ ದಾಟುವುದಿಲ್ಲ.

ಖರ್ಚು ಕೇಳುವವರಿಗೆ ಆಗಿನ ಲೆಕ್ಕ: ವೂಫರ್ ಜೋಡಿ 4,800, ಟ್ವೀಟರ್ ಜೋಡಿ 2,400, ಸದ್ದನ್ನು ಎರಡಕ್ಕೂ ಹಂಚಿ ಕೊಡುವ ಕ್ರಾಸ್‌ಓವರ್ ಸಾಮಾನು 2,100, ವಯರು, ಸ್ಕ್ರೂ, ಅಂಟು 1,000, ಪ್ಲೈ 3,900, ಆಚಾರ್ರ ಕೂಲಿ 2,000. ಒಟ್ಟು 16,200. ನೀರಿಗೆ ಹಾಕಿದ 1,900 ಬೇರೆ. ಅಂಗಡಿಯಲ್ಲಿ ಇದಕ್ಕಿಂತ ಕಡಿಮೆಗೆ ಬ್ಲೂಟೂತ್ ಸ್ಪೀಕರ್ ಸಿಗುತ್ತದೆ, ನಿಜ. ಅದು ಹಾಳಾದರೆ ಬಿಚ್ಚಿ ನೋಡಲು ನನಗೆ ಬರುವುದಿಲ್ಲ. ಇದರ ಒಂದೊಂದು ಸ್ಕ್ರೂ ಎಲ್ಲಿದೆ ಅಂತ ಗೊತ್ತು.

ಮಾಡುವುದಾದರೆ ಜನವರಿಯಿಂದ ಮಾರ್ಚ್ ಒಳಗೆ ಮಾಡಿ. ಹಲಗೆಯನ್ನು ಕೊಯ್ಯುವ ಮೊದಲು ಎರಡು ವಾರ ಮನೆಯೊಳಗೇ ಇಡಿ. ಒಳಮೈಗೂ ವಾರ್ನಿಷ್ ಹೊಡೆಯಿರಿ, ವೂಫರ್ ತೂತಿನ ಅಂಚಿಗೆ ಎರಡು ಸಲ. ನಮ್ಮ ಅಕ್ಕನ ಮನೆ ಸಾಗರದಲ್ಲಿ, ಅವರಿಗೂ ಒಂದು ಜೋಡಿ ಬೇಕಂತೆ. ಪ್ಲೈ ಈಗಾಗಲೇ ತಂದು ಅಟ್ಟದ ಮೇಲೆ, ಒಲೆಯ ಬಿಸಿ ತಾಗುವ ಕಡೆ ಇಟ್ಟಿದ್ದೇನೆ. ಈ ಸಲ ಅಡ್ಡಪಟ್ಟಿ ಎರಡು ಕೊಟ್ಟು ನೋಡಬೇಕು ಅಂತಿದೆ.