ಯಾರ ಟರ್ನ್, ಎಷ್ಟು ಅವಕಾಶ? ಡಿ ಆ್ಯಂಡ್ ಡಿ ಐದನೇ ಆವೃತ್ತಿಯ ಕಾದಾಟದ ನಿಯಮಗಳು: ದೀರ್ಘ ಬಳಕೆಯ ವಿಮರ್ಶೆ

ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದು ಪಾತ್ರವಾಗಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) ಆಟದ ಐದನೇ ಆವೃತ್ತಿಯ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ 2014ರಲ್ಲಿ ಬಂತು. ಅದರ ಒಂಬತ್ತನೇ ಅಧ್ಯಾಯ ಕಾದಾಟದ್ದು. ಮೊದಲು ಆಟಗಾರನಾಗಿ, ಆಮೇಲೆ ಬಹುಪಾಲು ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಆಗಿ ನಾನು ಈ ಅಧ್ಯಾಯವನ್ನು ತಿರುವಿ ಹಾಕಿದಷ್ಟು ಪುಸ್ತಕದ ಬೇರೆ ಯಾವ ಭಾಗವನ್ನೂ ಹಾಕಿಲ್ಲ. 2024ರ ಪರಿಷ್ಕೃತ ಹ್ಯಾಂಡ್‌ಬುಕ್ ಬಂದ ಮೇಲೆ ಅದರಲ್ಲೂ ಆಡಿಸಿದ್ದೇನೆ. ಪಾತ್ರ ಕಟ್ಟುವ ಬಗ್ಗೆ, ಮಂತ್ರಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನಿಲ್ಲಿ ಬರೆಯುವುದು ಟರ್ನ್ ನಿಯಮಗಳ ಬಗ್ಗೆ ಮಾತ್ರ, ಯಾಕೆಂದರೆ ಆಟ ನಿಂತು ವಾದ ಏಳುವುದು ಹೆಚ್ಚಾಗಿ ಅಲ್ಲೇ.

ಹೊಸಬರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕಾದಾಟ ಶುರುವಾದಾಗ ಎಲ್ಲರೂ ಇಪ್ಪತ್ತು ಮುಖದ ದಾಳ ಉರುಳಿಸಿ ಅದಕ್ಕೆ ಡೆಕ್ಸ್ಟೆರಿಟಿ ಮಾಡಿಫೈಯರ್ (ಪಾತ್ರದ ಚುರುಕುತನದ ಅಂಕ) ಕೂಡಿಸುತ್ತಾರೆ. ಇದು ಇನಿಶಿಯೇಟಿವ್. ಹೆಚ್ಚು ಬಂದವರಿಂದ ಹಿಡಿದು ಕಡಿಮೆ ಬಂದವರವರೆಗೆ ಒಬ್ಬೊಬ್ಬರಿಗೆ ಒಂದೊಂದು ಟರ್ನ್, ಎಲ್ಲರದೂ ಮುಗಿದರೆ ಒಂದು ರೌಂಡ್. ನಿಮ್ಮ ಟರ್ನಿನಲ್ಲಿ ಸ್ಪೀಡ್ ಇದ್ದಷ್ಟು ನಡೆಯಬಹುದು, ಒಂದು ಆಕ್ಷನ್ ಮಾಡಬಹುದು, ನಿಮ್ಮ ಕ್ಲಾಸೋ (ಪಾತ್ರದ ವರ್ಗ) ಮಂತ್ರವೋ ಕೊಟ್ಟಿದ್ದರೆ ಒಂದು ಬೋನಸ್ ಆಕ್ಷನ್ ಕೂಡ ಉಂಟು. ಇದರ ಜತೆಗೆ ಒಂದು ರಿಯಾಕ್ಷನ್, ಅಂದರೆ ಏನಾದರೂ ನಡೆದಾಗ ತಕ್ಷಣ ಕೊಡುವ ಪ್ರತಿಕ್ರಿಯೆ, ಅದನ್ನು ಬೇರೆಯವರ ಟರ್ನಿನಲ್ಲೂ ಬಳಸಬಹುದು.

ಒಂದು ರೌಂಡ್ ಅಂದರೆ ಆಟದ ಲೋಕದಲ್ಲಿ ಸುಮಾರು ಆರು ಸೆಕೆಂಡ್ ಎನ್ನುತ್ತದೆ ಪುಸ್ತಕ. ನಾನು ಕಂಡ ವಾದಗಳಲ್ಲಿ ಅರ್ಧಕ್ಕರ್ಧ ಈ ಒಂದು ಸಾಲಿನಿಂದ ಹುಟ್ಟಿದವು. ಆಟಗಾರರು ಗಡಿಯಾರ ಹಿಡಿದು ಯೋಚಿಸತೊಡಗುತ್ತಾರೆ. ಎಲ್ಲರೂ ಒಂದೇ ಆರು ಸೆಕೆಂಡಿನಲ್ಲಿ ಚಲಿಸುತ್ತಿರುವಾಗ ನಾನು ಅರವತ್ತು ಅಡಿ ಓಡಿ ಬರುವತನಕ ಆ ಬಿಲ್ಲುಗಾರ ಸುಮ್ಮನೆ ನಿಂತಿರುತ್ತಾನಾ? ಇನ್ನೊಬ್ಬ ವೈರಿ ಕತ್ತಿ ಬೀಸುವ ಹೊತ್ತಿಗೆ ನಾನು ಪಕ್ಕಕ್ಕೆ ಸರಿದಿರಬಹುದಲ್ಲವಾ? ನ್ಯಾಯವಾದ ಪ್ರಶ್ನೆಗಳೇ. ಆದರೆ ಈ ನಿಯಮಗಳು ಸಮಯವನ್ನು ಅಳೆಯಲು ಹೊರಟವಲ್ಲ, ಟೇಬಲ್ ಸುತ್ತ ಕೂತವರಿಗೆಲ್ಲ ಸಮನಾಗಿ ಅವಕಾಶ ಹಂಚಲು ಹೊರಟವು. ಆರು ಸೆಕೆಂಡ್ ಉಪಯೋಗಕ್ಕೆ ಬರುವುದು ಒಂದು ನಿಮಿಷದ ಮಂತ್ರ ಹತ್ತು ರೌಂಡ್ ಬಾಳುತ್ತದೆ ಎನ್ನುವಂಥ ಲೆಕ್ಕಕ್ಕೆ. 1970ರ ದಶಕದ ಕೊನೆಯ ಅಡ್ವಾನ್ಸ್ಡ್ ಡಿ ಆ್ಯಂಡ್ ಡಿಯಲ್ಲಿ ಒಂದು ರೌಂಡ್ ಎಂದರೆ ಪೂರ್ತಿ ಒಂದು ನಿಮಿಷ, ಅದರೊಳಗೆ ಆರಾರು ಸೆಕೆಂಡಿನ ಹತ್ತು ಸೆಗ್ಮೆಂಟ್‌ಗಳು. ಗಡಿಯಾರವನ್ನು ನಿಜವಾಗಿ ಹಿಂಬಾಲಿಸಲು ಹೊರಟ ವ್ಯವಸ್ಥೆ ಅದು, ಅದರ ತೊಡಕುಗಳೂ ಅಷ್ಟೇ ದೊಡ್ಡವು. ಐದನೇ ಆವೃತ್ತಿ ಆ ದಾರಿ ಬಿಟ್ಟದ್ದು ಒಳ್ಳೆಯದೇ ಆಯಿತು.

ಅವಕಾಶಗಳ ಲೆಕ್ಕವಾಗಿ ಓದತೊಡಗಿದರೆ ಈ ಅಧ್ಯಾಯ ಎಷ್ಟು ಬಿಗಿಯಾಗಿದೆ ಎಂದು ತಿಳಿಯುತ್ತದೆ. ನನ್ನ ಟೇಬಲ್ಲಿನದೇ ಒಂದು ಕಾದಾಟ ನೋಡಿ. ಐದನೇ ಲೆವೆಲ್ಲಿನ ರೋಗ್ (ಹೊಂಚಿ ಹೊಡೆಯುವ ಕ್ಲಾಸ್) ಮತ್ತು ಫೈಟರ್ (ಯೋಧ) ಸೇರಿ ಒಬ್ಬ ಹಾಬ್‌ಗಾಬ್ಲಿನ್ ನಾಯಕನನ್ನು ಎರಡೂ ಬದಿಯಿಂದ ಅಡ್ಡಗಟ್ಟಿದ್ದರು. ರೋಗ್ ತನ್ನ ಟರ್ನಿನಲ್ಲಿ ಶಾರ್ಟ್‌ಸ್ವೋರ್ಡಿನಿಂದ ಹೊಡೆದು ಸ್ನೀಕ್ ಅಟ್ಯಾಕಿನ ಮೂರು ದಾಳ ಉರುಳಿಸಿ ಆಗಿತ್ತು. ವೈರಿಯ ಪಕ್ಕದಲ್ಲಿ ಜತೆಗಾರ ಇದ್ದಾಗ ರೋಗಿನ ಏಟಿಗೆ ಸೇರುವ ಹೆಚ್ಚುವರಿ ಹಾನಿ ಇದು. ನಾಯಕನ ಟರ್ನ್ ಬಂತು, ಅವನು ಸಹಾಯ ಕರೆಯಲು ಬಾಗಿಲ ಕಡೆ ಓಡಿದ. ರೋಗ್ ಆಡುತ್ತಿದ್ದವಳು ರಿಯಾಕ್ಷನ್ ಬಳಸಿ ಆಪರ್ಚುನಿಟಿ ಅಟ್ಯಾಕ್ (ಅಳವಿನಿಂದ ಹೊರಹೋಗುವ ವೈರಿಗೆ ಕೊಡುವ ಏಟು) ಮಾಡಿದಳು, ತಗುಲಿತು, ಮತ್ತೆ ಮೂರು ದಾಳ ಕೈಗೆತ್ತಿಕೊಂಡಳು. ತಕ್ಷಣ ಎದುರಿನಿಂದ ಆಕ್ಷೇಪ ಬಂತು: ಈ ರೌಂಡಿನಲ್ಲಿ ಸ್ನೀಕ್ ಅಟ್ಯಾಕ್ ಆಗಿಹೋಯಿತಲ್ಲ! ಇನ್ನೊಬ್ಬರು ಸೇರಿಸಿದರು: ಅವನು ಓಡಿಹೋದ ಮೇಲೆ ಫೈಟರ್ ಅವನ ಪಕ್ಕದಲ್ಲಿ ಇಲ್ಲವಲ್ಲ!

ಎರಡಕ್ಕೂ ಉತ್ತರ ಪುಸ್ತಕದಲ್ಲೇ ಇದೆ. ಸ್ನೀಕ್ ಅಟ್ಯಾಕಿಗೆ ಮಿತಿ ಟರ್ನಿಗೆ ಒಂದು, ರೌಂಡಿಗೆ ಒಂದಲ್ಲ. ನಾಯಕನ ಟರ್ನ್ ಬೇರೆಯೇ ಟರ್ನ್ ಆದ್ದರಿಂದ ಮತ್ತೊಮ್ಮೆ ಸಿಗುತ್ತದೆ. ಇನ್ನು ಆಪರ್ಚುನಿಟಿ ಅಟ್ಯಾಕ್ ನಡೆಯುವುದು ವೈರಿ ನಿಮ್ಮ ಅಳವಿನಿಂದ ಹೊರಬೀಳುವ ಕ್ಷಣಕ್ಕೆ ಸ್ವಲ್ಪ ಮುಂಚೆ. ಅಂದರೆ ಏಟು ಬೀಳುವಾಗ ನಾಯಕ ಇನ್ನೂ ಹಳೇ ಜಾಗದಲ್ಲೇ ಇದ್ದಾನೆ, ಫೈಟರ್ ಪಕ್ಕದಲ್ಲೇ ಇದ್ದಾನೆ. ದೂರ ದೂರದ ಪುಟಗಳಲ್ಲಿರುವ ಎರಡು ನಿಯಮ ಇಷ್ಟು ಸರಿಯಾಗಿ ಕೂಡಿಕೊಳ್ಳುವುದನ್ನು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ. ರೋಗ್ ಆಡುವವರು ಬೇರೆಯವರ ಟರ್ನಿನಲ್ಲೂ ಕಣ್ಣು ಬಿಟ್ಟುಕೊಂಡು ಕೂರಬೇಕು ಎಂಬುದನ್ನು ಈ ನಿಯಮವೇ ಕಲಿಸುತ್ತದೆ.

ರಿಯಾಕ್ಷನ್ ಲೆಕ್ಕವೂ ಇದೇ ಜಾಡಿನದು. ರೌಂಡ್ ಹೊಸದಾದ ಮಾತ್ರಕ್ಕೆ ಅದು ಮರಳುವುದಿಲ್ಲ, ನಿಮ್ಮ ಟರ್ನ್ ಶುರುವಾದಾಗ ಮರಳುತ್ತದೆ. ವಿಝರ್ಡ್ (ಮಾಂತ್ರಿಕ) ತನ್ನದೇ ಟರ್ನಿನಲ್ಲಿ ವೈರಿಯ ಅಳವಿನಿಂದ ಹೊರಗೆ ಸರಿಯುವಾಗ ಏಟು ತಪ್ಪಿಸಿಕೊಳ್ಳಲು ಶೀಲ್ಡ್ ಮಂತ್ರ ಹಾಕಿದರೆ ಮುಂದಿನ ಟರ್ನ್ ಬರುವತನಕ, ರಿಯಾಕ್ಷನ್ ಬಳಸಿಯೇ ವೈರಿಯ ಮಂತ್ರ ತಡೆಯುವ ಕೌಂಟರ್‌ಸ್ಪೆಲ್ ಇಲ್ಲ. ಶೀಲ್ಡ್ ಕೊಡುವ ಐದು ಅಂಕದ ರಕ್ಷಣೆಯೂ ಅಲ್ಲಿಯವರೆಗೇ ಇರುತ್ತದೆ. ಕೊಟ್ಟದ್ದೂ ಕಿತ್ತುಕೊಂಡದ್ದೂ ಒಂದೇ ಹೊತ್ತಿಗೆ ಮುಗಿಯುತ್ತದೆ, ನೆನಪಿಡಲು ಸುಲಭ.

ಇನ್ನು ಕಾಡುವ ಭಾಗಗಳು. ನನ್ನ ದೊಡ್ಡ ತಕರಾರು ರೆಡಿ ಆಕ್ಷನ್ ಬಗ್ಗೆ. "ಬಾಗಿಲು ತೆರೆದರೆ ಬಾಣ ಬಿಡುತ್ತೇನೆ" ಎಂಬಂತೆ ಒಂದು ಸಂದರ್ಭ ಹೇಳಿ ಕಾಯುವ ಅವಕಾಶ ಇದು. ಕೇಳಲು ಸರಳ. ಬಳಸಿದಾಗ ಬೆಲೆ ಗೊತ್ತಾಗುತ್ತದೆ. ಆಕ್ಷನ್ ಹೋಯಿತು, ಸಂದರ್ಭ ಬಂದಾಗ ರಿಯಾಕ್ಷನ್ನೂ ಹೋಗುತ್ತದೆ, ಬಾರದಿದ್ದರೆ ಕಾದದ್ದು ವ್ಯರ್ಥ. ಎಕ್ಸ್ಟ್ರಾ ಅಟ್ಯಾಕ್ (ಒಂದೇ ಆಕ್ಷನಿನಲ್ಲಿ ಒಂದಕ್ಕಿಂತ ಹೆಚ್ಚು ಏಟು) ಇರುವ ಫೈಟರಿಗೂ ಸಿಗುವುದು ಒಂದೇ ಏಟು, ಯಾಕೆಂದರೆ ಆ ಸೌಲಭ್ಯ ಸ್ವಂತ ಟರ್ನಿಗೆ ಮಾತ್ರ. ಮಂತ್ರವಾದರೆ ಇನ್ನೂ ಕಷ್ಟ. ಕಾಯಲು ಶುರುಮಾಡಿದಾಗಲೇ ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಲೆಕ್ಕಕ್ಕಿಟ್ಟು ಸಿಗುವ ಅವಕಾಶ) ಖರ್ಚಾಗುತ್ತದೆ, ಬಿಡುವತನಕ ಕಾನ್ಸಂಟ್ರೇಷನ್ (ಒಂದು ಸಲಕ್ಕೆ ಒಂದೇ ಮಂತ್ರದ ಮೇಲೆ ಇಡಬಹುದಾದ ಏಕಾಗ್ರತೆ) ಹಿಡಿದಿರಬೇಕು, ಈಗಾಗಲೇ ಬ್ಲೆಸ್‌ನಂಥ ಮಂತ್ರ ನಡೆಸುತ್ತಿದ್ದರೆ ಅದು ಕಳಚಿ ಬೀಳುತ್ತದೆ. ಫೈರ್‌ಬಾಲ್ ಹಿಡಿದು ಕೂತ ವಿಝರ್ಡಿಗೆ ಮಧ್ಯೆ ಒಂದು ಬಾಣ ತಗುಲಿ ಕಾನ್‌ಸ್ಟಿಟ್ಯೂಷನ್ ಸೇವ್ (ಏಕಾಗ್ರತೆ ಉಳಿಸಿಕೊಳ್ಳಲು ಹಾಕುವ ದಾಳ) ಕೈಕೊಟ್ಟರೆ ಸ್ಲಾಟೂ ಇಲ್ಲ, ಬೆಂಕಿಯೂ ಇಲ್ಲ. ಹೊಸ ಆಟಗಾರರ ಮುಖ ಬಾಡುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಈ ನಿಯಮದ ಎದುರು. ಡಿಎಂ ಆದವರು ಯಾರಾದರೂ "ಕಾಯುತ್ತೇನೆ" ಎಂದ ಕೂಡಲೇ ಇಷ್ಟನ್ನೂ ಹೇಳಿ, ಆಮೇಲೆ ಒಪ್ಪಿಗೆ ಕೇಳಬೇಕು.

ಮೂರನೇ ಆವೃತ್ತಿಯಲ್ಲಿ ಟರ್ನನ್ನೇ ಮುಂದೂಡುವ ಡಿಲೇ ಇತ್ತು, ಇಲ್ಲಿ ಇಲ್ಲ. ಅದನ್ನು ವಾಪಸ್ ತನ್ನಿ ಎಂದು ಕೇಳುವವರು ಪ್ರತಿ ಟೇಬಲ್ಲಿನಲ್ಲೂ ಸಿಗುತ್ತಾರೆ. ನಾನು ತರುವುದಿಲ್ಲ. ಕಾರಣ ಮಾಂಕ್ ಎಂಬ ಕ್ಲಾಸಿನವರು ವೈರಿಯನ್ನು ಸ್ತಬ್ಧಗೊಳಿಸುವ (ಸ್ಟನ್) ಏಟಾದ ಸ್ಟನಿಂಗ್ ಸ್ಟ್ರೈಕ್‌ನಲ್ಲಿ ಕಾಣುತ್ತದೆ. 2014ರ ಪುಸ್ತಕದಲ್ಲಿ ಅದರ ಪರಿಣಾಮ ಮಾಂಕ್‌ನ ಮುಂದಿನ ಟರ್ನ್ ಮುಗಿಯುವವರೆಗೆ. ವೈರಿ ಒಂದು ಟರ್ನ್ ಕಳೆದುಕೊಳ್ಳುತ್ತಾನೆ, ಮಾಂಕ್ ಮತ್ತೆ ಬಂದು ಅದೇ ಸ್ಥಿತಿಯಲ್ಲಿ ಅವನನ್ನು ಹೊಡೆಯುತ್ತಾನೆ. ಈಗ ಮಾಂಕ್ ತನ್ನ ಟರ್ನನ್ನು ವೈರಿಯ ಟರ್ನಿನ ಆಚೆಗೆ ತಳ್ಳಬಹುದು ಎಂದಾದರೆ ಅದೇ ಒಂದು ಏಟಿಗೆ ವೈರಿ ಎರಡು ಟರ್ನ್ ಕಳೆದುಕೊಳ್ಳುತ್ತಾನೆ. ಅವಧಿಗಳೆಲ್ಲ ಟರ್ನಿಗೆ ಕಟ್ಟಿರುವಾಗ ಟರ್ನ್ ಅಲುಗಾಡಕೂಡದು. 2024ರಲ್ಲಿ ಸ್ಟನ್ ಮಾಂಕ್‌ನ ಮುಂದಿನ ಟರ್ನ್ ಶುರುವಾಗುವವರೆಗೆ ಎಂದು ಬದಲಾಯಿತು. ನೋಡಲು ಚಿಕ್ಕ ಬದಲಾವಣೆ, ಆದರೆ ಮಾಂಕ್ ಆಡುವವರಿಗೆ ಒಂದಿಡೀ ಟರ್ನಿನ ಅಡ್ವಾಂಟೇಜ್ (ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಅನುಕೂಲ) ಕೈತಪ್ಪಿತು. 2019ರ ಪಾತ್‌ಫೈಂಡರ್ (ಇದೇ ಬಗೆಯ ಇನ್ನೊಂದು ಆಟ) ಎರಡನೇ ಆವೃತ್ತಿಯಲ್ಲಿ ಡಿಲೇ ಉಂಟು, ಅವಧಿಗಳು ಅದರಿಂದ ಎಳೆದಾಡದಂತೆ ಬೇರೆ ಕಟ್ಟಳೆಗಳೂ ಉಂಟು. ಅಲ್ಲಿ ಟರ್ನಿಗೆ ಮೂರು ಆಕ್ಷನ್, ನಡೆಯುವುದಕ್ಕೂ ಒಂದು ಖರ್ಚು. ಕಲಿಸುವುದಕ್ಕೆ ಅದು ಇದಕ್ಕಿಂತ ಸಲೀಸು ಎಂದು ನಾನು ಒಪ್ಪುತ್ತೇನೆ.

2014ರ ಸರ್‌ಪ್ರೈಸ್ (ಅರಿವಿಲ್ಲದೆ ದಾಳಿಗೆ ಸಿಕ್ಕವರ) ನಿಯಮ ಈ ಅಧ್ಯಾಯದ ಅತಿ ದುರ್ಬಲ ತುಣುಕು. "ಸರ್‌ಪ್ರೈಸ್ ರೌಂಡ್" ಎಂಬುದು ಐದನೇ ಆವೃತ್ತಿಯಲ್ಲಿ ಇಲ್ಲವೇ ಇಲ್ಲ, ಆದರೂ ಹಳೇ ಆವೃತ್ತಿಗಳಿಂದ ಬಂದವರು ಅದನ್ನು ಆಡುತ್ತಲೇ ಇದ್ದರು. ಪುಸ್ತಕ ಹೇಳಿದ್ದು ಹೀಗೆ: ಎಲ್ಲರೂ ಇನಿಶಿಯೇಟಿವ್ ಹಾಕಿ, ಬೆಚ್ಚಿದವರು ತಮ್ಮ ಮೊದಲ ಟರ್ನಿನಲ್ಲಿ ಚಲಿಸುವಂತಿಲ್ಲ, ಆಕ್ಷನ್ ಮಾಡುವಂತಿಲ್ಲ, ಆ ಟರ್ನ್ ಮುಗಿಯುವತನಕ ರಿಯಾಕ್ಷನ್ನೂ ಇಲ್ಲ. ಇದರಿಂದ ವಿಚಿತ್ರವೊಂದು ಹುಟ್ಟಿತು. ಕತ್ತಲಲ್ಲಿ ಹೊಂಚಿ ಕೂತ, ರೋಗ್ ಕ್ಲಾಸಿನದೇ ಉಪವರ್ಗವಾದ ಅಸಾಸಿನ್‌ಗಿಂತ ಕಾವಲುಗಾರನಿಗೆ ಇನಿಶಿಯೇಟಿವ್ ಹೆಚ್ಚು ಬಂದರೆ ಅವನ ಖಾಲಿ ಟರ್ನ್ ಮೊದಲೇ ಕಳೆದುಹೋಗಿ, ಅಸಾಸಿನ್ ಎರಗುವಾಗ ಅವನು ಬೆಚ್ಚಿದವನಾಗಿ ಉಳಿದಿರುವುದೇ ಇಲ್ಲ. ಆ ಸಬ್‌ಕ್ಲಾಸಿನ ಮುಖ್ಯ ಆಕರ್ಷಣೆಯಾದ ಬೆಚ್ಚಿದವರ ಮೇಲಿನ ಮಾರಕ ಏಟು ಒಂದು ದಾಳದ ಮೇಲೆ ನಿಂತಿತ್ತು. 2024ರಲ್ಲಿ ಇದನ್ನೆಲ್ಲ ತೆಗೆದುಹಾಕಿ, ಬೆಚ್ಚಿದವರಿಗೆ ಇನಿಶಿಯೇಟಿವ್ ದಾಳದಲ್ಲಿ ಡಿಸಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆಯದೇ ಲೆಕ್ಕ) ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಹೊಂಚುದಾಳಿಯ ರೋಮಾಂಚನ ತುಸು ಕಡಿಮೆಯಾಯಿತು ನಿಜ. ಆದರೂ ಇಡೀ ಗುಂಪು ಕೈಕಟ್ಟಿ ಕೂತು ಸಾಯುವುದು ತಪ್ಪಿತು, ಡಿಎಂ ಆಗಿ ನನಗೆ ಅದೇ ಮುಖ್ಯ.

ಬೋನಸ್ ಆಕ್ಷನ್ ಮಂತ್ರಗಳ ನಿಯಮವೂ ಹೀಗೇ ಸುಧಾರಿಸಿತು. ಮೊದಲು ಕ್ಲೆರಿಕ್ (ಪೂಜಾರಿ ಕ್ಲಾಸ್) ಬೋನಸ್ ಆಕ್ಷನಿನಲ್ಲಿ ಗಾಯ ಮಾಯಿಸುವ ಹೀಲಿಂಗ್ ವರ್ಡ್ ಹೇಳಿದರೆ ಆ ಟರ್ನಿನಲ್ಲಿ ಮತ್ತೆ ಹಾಕಬಹುದಾದದ್ದು ಒಂದು ಆಕ್ಷನಿನ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಮಂತ್ರ) ಮಾತ್ರ. ಆದರೆ ಫೈಟರ್ ಕ್ಲಾಸಿನ ಎರಡು ಲೆವೆಲ್ ಬೆರೆಸಿಕೊಂಡ ವಿಝರ್ಡ್ ಆಕ್ಷನ್ ಸರ್ಜ್ (ಒಂದು ಹೆಚ್ಚುವರಿ ಆಕ್ಷನ್) ಬಳಸಿ ಎರಡು ಫೈರ್‌ಬಾಲ್ ಎಸೆದರೆ ಯಾವ ಅಡ್ಡಿಯೂ ಇರಲಿಲ್ಲ. ಇದನ್ನು ಎಷ್ಟು ಸಲ ವಿವರಿಸಿದರೂ ಕೇಳುವವರಿಗೆ ನ್ಯಾಯ ಅನ್ನಿಸುತ್ತಿರಲಿಲ್ಲ, ನನಗೂ ಅನ್ನಿಸಿಲ್ಲ. ಈಗ ಒಂದು ಟರ್ನಿನಲ್ಲಿ ಮಂತ್ರಕ್ಕೆಂದು ಖರ್ಚು ಮಾಡಬಹುದಾದದ್ದು ಒಂದೇ ಸ್ಪೆಲ್ ಸ್ಲಾಟ್, ಆಕ್ಷನ್ ಸರ್ಜ್‌ನಿಂದ ಮಂತ್ರ ಹಾಕುವ ಮ್ಯಾಜಿಕ್ ಆಕ್ಷನ್ ಸಿಗುವುದಿಲ್ಲ. ಪೋಷನ್ ಕುಡಿಯುವುದು ಬೋನಸ್ ಆಕ್ಷನ್ ಆದದ್ದೂ ದೊಡ್ಡ ಸಮಾಧಾನ. ಗಾಯಗೊಂಡವರು ಸೀಸೆ ಬಾಯಿಗಿಟ್ಟು ಇಡೀ ಟರ್ನ್ ಕಳೆದುಕೊಳ್ಳುವ ಕಾಲ ಹೋಯಿತು.

ಪುಸ್ತಕದ ಜೋಡಣೆಗೆ ಮಾತ್ರ ಎರಡರಲ್ಲೂ ಪೂರ್ತಿ ಅಂಕ ಕೊಡಲಾರೆ. ಹಳೆಯದರಲ್ಲಿ ಬೋನಸ್ ಆಕ್ಷನ್ ಮಂತ್ರದ ಮಿತಿ ಕಾದಾಟದ ಅಧ್ಯಾಯದಲ್ಲಿ ಇರದೆ ಮಂತ್ರಗಳ ಅಧ್ಯಾಯದಲ್ಲಿತ್ತು. ಹೊಸದರಲ್ಲಿ ಕಾದಾಟ ಮೊದಲ ಅಧ್ಯಾಯದೊಳಗೆ ಸೇರಿದೆ, ಆದರೆ ರೆಡಿ, ಡಿಸ್‌ಎಂಗೇಜ್, ಗ್ರ್ಯಾಪಲ್ ಇವುಗಳ ವಿವರಕ್ಕೆ ಕೊನೆಯ ಪದಕೋಶಕ್ಕೆ ಹೋಗಬೇಕು. ಅಕಾರಾದಿಯಲ್ಲಿ ಇರುವುದರಿಂದ ಆಟದ ಮಧ್ಯೆ ಬೇಗ ಸಿಗುತ್ತದೆ, ಮೊದಲ ಸಲ ಓದುವವರಿಗೆ ಮಾತ್ರ ಚೂರುಚೂರಾಗಿ ಕಾಣುತ್ತದೆ. ಒಂದೇ ಗಳಿಗೆಯಲ್ಲಿ ಎರಡು ಪರಿಣಾಮ ಬಂದರೆ ಯಾವುದು ಮೊದಲು ಎಂಬ ಪ್ರಶ್ನೆಗೆ 2014ರ ಹ್ಯಾಂಡ್‌ಬುಕ್ಕಿನಲ್ಲಿ ಉತ್ತರವೇ ಇರಲಿಲ್ಲ. ಯಾರ ಟರ್ನ್ ನಡೆಯುತ್ತಿದೆಯೋ ಆ ಪಾತ್ರವನ್ನು ಆಡಿಸುವವರು ಕ್ರಮ ನಿರ್ಧರಿಸುತ್ತಾರೆ ಎಂಬ ಒಳ್ಳೆಯ ನಿಯಮ ಬಂದದ್ದು 2017ರ ಪೂರಕ ಪುಸ್ತಕದಲ್ಲಿ. ನನ್ನ ಟೇಬಲ್ಲಿನಲ್ಲಿ ಅದನ್ನು ಅಂದಿನಿಂದ ಬಿಟ್ಟಿಲ್ಲ.

ಕೊಳ್ಳುವ ಮುಂಚೆ ಪರೀಕ್ಷಿಸಬೇಕೆನ್ನುವವರಿಗೆ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ (ಮೂಲ ನಿಯಮಗಳ ಸಂಗ್ರಹ) ಉಚಿತವಾಗಿ ಸಿಗುತ್ತದೆ. 2014ರ ನಿಯಮಗಳ 5.1 ಆವೃತ್ತಿಯನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು, ಪರಿಷ್ಕೃತ ನಿಯಮಗಳ 5.2 ಆವೃತ್ತಿ 2025ರಲ್ಲಿ ಬಂತು. ಇನಿಶಿಯೇಟಿವ್, ಆಕ್ಷನ್, ರಿಯಾಕ್ಷನ್ ಎಲ್ಲ ಅದರಲ್ಲಿವೆ. ಹಳೇ ಪುಸ್ತಕ ಇರುವ ಗುಂಪು ಈ ಎರಡು ಬದಲಾವಣೆಗಳಿಗಾಗಿಯಾದರೂ 5.2 ಇಳಿಸಿಕೊಳ್ಳಲಿ: ಸರ್‌ಪ್ರೈಸ್ ಮತ್ತು ಟರ್ನಿಗೊಂದೇ ಸ್ಪೆಲ್ ಸ್ಲಾಟ್. ಎರಡೂ ಪುಸ್ತಕಗಳನ್ನು ಬೆರೆಸಿ ಆಡುವವರು ಸ್ಟನ್, ಪೋಷನ್, ಆಕ್ಷನ್ ಸರ್ಜ್ ಇವು ಯಾವ ಪುಸ್ತಕದ ಪ್ರಕಾರ ಎಂದು ಮೊದಲ ಇನಿಶಿಯೇಟಿವ್ ದಾಳ ಉರುಳುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಕಾದಾಟದ ನಡುವೆ ತೀರ್ಮಾನಿಸಲು ಹೊರಟರೆ ಸೋಲುತ್ತಿರುವ ಕಡೆಯವರಿಗೆ ಯಾವ ಉತ್ತರವೂ ಸರಿ ಅನ್ನಿಸುವುದಿಲ್ಲ.