ಫಾಸ್ಫೊ-ಎಕೆಟಿ ಆಂಟಿಬಾಡಿ: ಬ್ಲಾಟ್‌ಗೆ ಭೇಷ್, ಟಿಶ್ಯೂಗೆ ಹುಷಾರು

ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಬೆಳೆಯಲು, ಬದುಕುಳಿಯಲು ಕೋಶಕ್ಕೆ ಸೂಚನೆ ಕೊಡುವ ಪಿಐ3ಕೆ ಸಂಕೇತಮಾರ್ಗ ಎಷ್ಟು ಚುರುಕಾಗಿದೆ ಎಂದು ನೋಡಲು ಲ್ಯಾಬ್‌ಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ಫಾಸ್ಫೊ-ಎಕೆಟಿ ಆಂಟಿಬಾಡಿಯನ್ನೇ. ಆ ಮಾರ್ಗದ ಎಕೆಟಿ ಪ್ರೋಟೀನಿನಲ್ಲಿ 473ನೇ ಅಮೈನೊ ಆಮ್ಲವಾದ ಸೆರೀನ್ ಮೇಲೆ ಫಾಸ್ಫೇಟ್ ಇದ್ದರೆ ಮಾತ್ರ ಅಂಟುವ, ಮೊಲದ ಮೊನೊಕ್ಲೋನಲ್. ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಧೈರ್ಯವಾಗಿ ನಂಬಬಹುದು: 60 ಕಿಲೊಡಾಲ್ಟನ್ ಆಸುಪಾಸಿನಲ್ಲಿ ಸ್ಪಷ್ಟ ಬ್ಯಾಂಡ್.

ಬ್ಯಾಂಡೇ ಬರಲಿಲ್ಲ ಎನ್ನುವವರು ಮೊದಲು ಲೈಸೇಟನ್ನು (ಕೋಶ ಒಡೆದು ಪಡೆದ ದ್ರಾವಣವನ್ನು) ಅನುಮಾನಿಸಲಿ. ಕೋಶ ಒಡೆದ ತಕ್ಷಣ ಅದರೊಳಗಿನ ಕಿಣ್ವಗಳಾದ ಫಾಸ್ಫಟೇಸ್‌ಗಳು ಫಾಸ್ಫೇಟನ್ನು ಕೀಳಲು ಶುರುಮಾಡುತ್ತವೆ. ಅದನ್ನು ತಡೆಯಲು ವನಾಡೇಟ್ ಒಂದನ್ನೇ ಹಾಕಿ ಸುಮ್ಮನಾಗುವವರಿದ್ದಾರೆ. ಅದು ತಡೆಯುವುದು ಮುಖ್ಯವಾಗಿ ಟೈರೊಸಿನ್ ಫಾಸ್ಫಟೇಸ್‌ಗಳನ್ನು, ಸೆರೀನ್‌ಗೆ ಸಾಲದು. 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, ಜೊತೆಗೆ ಬೀಟಾ-ಗ್ಲಿಸರೊಫಾಸ್ಫೇಟ್ ಬೇಕೇ ಬೇಕು. ಪ್ಲೇಟ್ ಐಸ್ ಮೇಲಿರಲಿ.

ಲೇನ್‌ಗೆ 20–30 ಮೈಕ್ರೊಗ್ರಾಂ ಪ್ರೋಟೀನ್, 5% ಬಿಎಸ್‌ಎ (ದನದ ಸೀರಂನ ಆಲ್ಬುಮಿನ್), ಆಂಟಿಬಾಡಿ 1:1000 ಪ್ರಮಾಣ, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಹಾಲಿನ ಪುಡಿ ಬೇಡ. ಅದರ ಕೇಸೀನ್ ತಾನೇ ಫಾಸ್ಫೊಪ್ರೋಟೀನ್, ಮೆಂಬ್ರೇನ್ ಮಸುಕಾದೀತು. ತೆಳುಮಾಡಿದ ಆಂಟಿಬಾಡಿಗೆ ಸೋಡಿಯಂ ಅಜೈಡ್ ಹಾಕಿಟ್ಟರೆ ಮತ್ತೆ ಬಳಸಬಹುದು. ಆದರೆ ಅದೇ ಅಜೈಡ್ ಎಚ್‌ಆರ್‌ಪಿ ಕಿಣ್ವ ಜೋಡಿಸಿದ ಸೆಕೆಂಡರಿಗೆ (ಮೊದಲ ಆಂಟಿಬಾಡಿಗೆ ಅಂಟಿ ಅದನ್ನು ತೋರಿಸುವ ಎರಡನೇ ಆಂಟಿಬಾಡಿಗೆ) ಸೇರಿದರೆ ಕಿಣ್ವದ ಕೆಲಸವೇ ಕೆಡುತ್ತದೆ.

ಕಂಟ್ರೋಲ್ ಇಲ್ಲದ ಬ್ಲಾಟನ್ನು ಓದಲು ಹೋಗಬೇಡಿ. ಲ್ಯಾಬ್‌ನಲ್ಲಿ ಬೆಳೆಸುವ ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳನ್ನು ರಾತ್ರಿ ಸೀರಂ ಇಲ್ಲದೆ ಇಟ್ಟು, 100 ನ್ಯಾನೊಮೋಲಾರ್ ಇನ್ಸುಲಿನ್ ಕೊಟ್ಟು 10–15 ನಿಮಿಷ ಬಿಟ್ಟರೆ ಬ್ಯಾಂಡ್ ಎದ್ದು ಕಾಣಬೇಕು. ಈ ಕೋಶಗಳಲ್ಲಿ ಪಿಐ3ಕೆಯನ್ನು ಚುರುಕುಗೊಳಿಸುವ ಪಿಐಕೆ3ಸಿಎ ಜೀನ್ ರೂಪಾಂತರ ಇರುವುದರಿಂದ, ಸೀರಂ ತೆಗೆಯದಿದ್ದರೆ ಮೂಲ ಮಟ್ಟವೇ ಮೇಲಿದ್ದು ವ್ಯತ್ಯಾಸ ತಿಳಿಯದು. ಎಂಡಿಎ-ಎಂಬಿ-468ರಲ್ಲಿ ಈ ಮಾರ್ಗಕ್ಕೆ ಬ್ರೇಕ್ ಹಾಕುವ ಪಿಟೆನ್ ಪ್ರೋಟೀನ್ ಇಲ್ಲ, ಪ್ರಚೋದನೆ ಕೊಡದೆಯೂ ಬ್ಯಾಂಡ್ ಬರುತ್ತದೆ. ಎಚ್‌ಇಆರ್2 (ಬೆಳವಣಿಗೆಯ ಸಂಕೇತ ಹಿಡಿಯುವ ಗ್ರಾಹಕ) ಹೇರಳವಾಗಿರುವ ಎಸ್‌ಕೆ-ಬಿಆರ್-3ಗೆ ಆ ಗ್ರಾಹಕವನ್ನು ತಡೆಯುವ ಔಷಧ ಲ್ಯಾಪಟಿನಿಬ್ ಕೊಟ್ಟರೆ ಬ್ಯಾಂಡ್ ಮಾಸಬೇಕು.

ಬೇಸರವಿರುವುದು ಟಿಶ್ಯೂ ಕೆಲಸದಲ್ಲಿ. ಗಡ್ಡೆ ಕತ್ತರಿಸಿ ಫಾರ್ಮಲಿನ್‌ಗೆ ಹಾಕುವಷ್ಟರಲ್ಲಿ ತಡವಾದರೆ ಫಾಸ್ಫೇಟ್ ಇಳಿದುಹೋಗಿರುತ್ತದೆ. ಆ ಸ್ಲೈಡ್ ನೆಗೆಟಿವ್ ಬಂದರೆ ಅದಕ್ಕೆ ಅರ್ಥ ಕಟ್ಟುವ ಹಾಗಿಲ್ಲ.

ಇನ್ನೊಂದು ಮಿತಿ: 473ರ ಫಾಸ್ಫೇಟ್ ಇಡುವ ಕಿಣ್ವ ಎಂಟಾರ್‌ಸಿ2, 308ನೇ ಥ್ರಿಯೊನಿನ್‌ನದು ಪಿಡಿಕೆ1. ಚಟುವಟಿಕೆಯ ಪೂರ್ಣ ಲೆಕ್ಕಕ್ಕೆ ಎರಡೂ ಬೇಕು. ಫಾಸ್ಫೇಟ್ ಇರಲಿ ಬಿಡಲಿ, ಒಟ್ಟು ಎಕೆಟಿ ಎಷ್ಟಿದೆ ಎಂದು ನೋಡಲು ಇಲಿಯ ಆಂಟಿಬಾಡಿ ಕೊಳ್ಳಿ. ಎರಡು ಬಣ್ಣದ ಫ್ಲೋರೊಸೆಂಟ್ ಸೆಕೆಂಡರಿಗಳಿದ್ದರೆ ಮೊದಲ ಆಂಟಿಬಾಡಿಯನ್ನು ತೊಳೆದು ಮೆಂಬ್ರೇನ್ ಸ್ಟ್ರಿಪ್ ಮಾಡುವ ಗೋಜೇ ಇಲ್ಲ.